ತಾಟು ತೊಳೆದ ನೀರು

ಅಮಾತೆಪ್ಪ ಬದುಕಿದ್ದಷ್ಟು ಕಾಲ ಆ ಮನೆಯಲ್ಲಿ ಅಡಿಗೆಗೆ ಯಾರೂ ಕೊಂಕು ತೆಗೆದು ಹೆಸರಿಟ್ಟಿರಲಿಲ್ಲ. ಉಪ್ಪು ಹೆಚ್ಚಾಗಿರಲಿ, ಹಾಕುವುದೇ ಮರೆತಿರಲಿ, ಅಂಗೈಯ ಲಿಂಗಕ್ಕೆ ತೋರಿಸಿ ಉಣ್ಣಲು ಕುಳಿತನೆಂದರೆ ಅವನಿಗೆ ಅದು ಪ್ರಸಾದ. ಕಡೆಯ ತುತ್ತಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳುಗಳಿಂದ ಸುತ್ತಲೂ ಸವರಿ, ಎರಡೂ ಕೈಯಲ್ಲಿ ಎತ್ತಿ ಕುಡಿದುಬಿಡುತ್ತಿದ್ದ. ಒಂದು ಅಗುಳು ಚೆಲ್ಲಿದರೂ ಅವನ ಮನಸ್ಸಿಗೆ ಸಮಾಧಾನವಿರುತ್ತಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿಲ್ಲವೆಂದು ಹೆಂಡತಿ ಗುರುಲಿಂಗವ್ವನಿಗೆ ಗೊತ್ತಾಗುತ್ತಿದ್ದದ್ದು ಎಲ್ಲರೂ ಉಂಡೆದ್ದು ತಾನು ಉಣ್ಣಲು ಕುಳಿತಾಗಲೇ. ನಲವತ್ತನಾಲ್ಕು ವರ್ಷ ಹೀಗೇ ನಡೆಯಿತು.

ಅವನು ತೀರಿಕೊಂಡು ಆರು ತಿಂಗಳಾಗುವುದರೊಳಗೆ ಅದೇ ಮನೆಯಲ್ಲಿ ಊಟಕ್ಕೆ ಐದರಲ್ಲಿ ಇಷ್ಟೆಂದು ಚಿಕ್ಕೆ ಕೊಡುವ ರೂಢಿ ಬಂತು.

ತಂದದ್ದು ಮಗ ಸುನೀಲಕುಮಾರ. ಗುಳೇದಗುಡ್ಡದ ಆ ಮನೆಯ ಪಡಸಾಲೆಯಲ್ಲಿ ಮೂರು ತಲೆಮಾರು ಕುಪ್ಪಸದ ಖಣ ನೇಯ್ದಿದ್ದರು. ಅಪ್ಪ ಹೋದ ಮೇಲೆ ಸುನೀಲ ಮಗ್ಗ ಬಿಚ್ಚಿಸಿ, ಕಾಲು ಇಳಿಬಿಡುವ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಮೇಜು ಹಾಕಿಕೊಂಡಿದ್ದ. ಅವನಿಗೆ ನೌಕರಿ ಬಾದಾಮಿ ರಸ್ತೆಯಲ್ಲಿ ಹೊಸದಾಗಿ ಎದ್ದ ರೆಸಾರ್ಟಿನಲ್ಲಿ. ಅದಕ್ಕೆ ಏನೋ ಉದ್ದನೆಯ ಹೆಸರಿತ್ತು. ಸುತ್ತಿನ ಜನ ಅದನ್ನು ಯುರೋಪು ಎಂದು ಕರೆದರು. ಕೆಂಪು ಗುಡ್ಡದ ಬುಡದಲ್ಲಿ ಕಬ್ಬಿಣದ ಐಫೆಲ್ ಗೋಪುರ, ತಿರುಗದ ಗಾಳಿಗಿರಣಿ, ಚೂಪು ಗೋಪುರಗಳ ಅರಮನೆ, ಅರಮನೆಯ ಸುತ್ತ ವೆನಿಸ್ ಎಂಬ ಕಾಲುವೆ, ಮಕ್ಕಳನ್ನು ಆಕಾಶಕ್ಕೆ ಏರಿಸಿ ಇಳಿಸುವ ತೊಟ್ಟಿಲು. "ಎಲ್ಲಿಗೆ ಹೊಂಟೀ ಸುನೀಲ?" ಎಂದರೆ ಅವನೂ "ಯುರೋಪಿಗೆ" ಎಂದೇ ಹೇಳಿ ಬಸ್ಸು ಹತ್ತುತ್ತಿದ್ದ.

ಬಂದು ಹೋದ ಅತಿಥಿಗಳು ಫೋನಿನಲ್ಲಿ ಬರೆಯುವ ಅಭಿಪ್ರಾಯಗಳನ್ನು ಓದಿ, ಒಂದೊಂದಕ್ಕೂ ರೆಸಾರ್ಟಿನ ಪರವಾಗಿ ಉತ್ತರ ಬರೆಯುವುದು ಅವನ ಕೆಲಸ. ಐದು ಚಿಕ್ಕೆ ಕೊಟ್ಟವರಿಗೆ ಧನ್ಯವಾದ, ಒಂದು ಚಿಕ್ಕೆ ಕೊಟ್ಟವರಿಗೆ ಕ್ಷಮಾಪಣೆ. ಸಂಜೆ ಊಟಕ್ಕೆ ಕುಳಿತು ಅವನ್ನು ಹೆಂಡತಿ ಸುನಂದಾಳಿಗೆ, ಎಂಟನೇ ಇಯತ್ತೆಯ ಮಗಳು ಪ್ರಿಯದರ್ಶಿನಿಗೆ ಓದಿ ಹೇಳುತ್ತಿದ್ದ. ಪ್ಯಾರಿಸ್ ಕೋಣೆಯ ಕಿಟಕಿ ತೆಗೆದರೆ ಕುರಿಹಟ್ಟಿ ಕಾಣುತ್ತದೆ ಎಂದು ಒಬ್ಬರು ಬರೆದಿದ್ದರು. ವೆನಿಸಿನಲ್ಲಿ ದೋಣಿಗಿಂತ ಸೊಳ್ಳೆ ಹೆಚ್ಚು ಎಂದು ಇನ್ನೊಬ್ಬರು. ಸ್ವಿಟ್ಜರ್ಲೆಂಡಿನಲ್ಲಿ ಎಸಿ ಕೆಟ್ಟು, ಗೋಡೆಯ ಮೇಲಿನ ಹಿಮ ನೋಡುತ್ತ ಬೆವತು ಮಲಗಿದೆವು ಎಂದು ಹುಬ್ಬಳ್ಳಿಯ ಒಬ್ಬ ಡಾಕ್ಟರು. ಮೂವರೂ ನಗುತ್ತಿದ್ದರು. ಗುರುಲಿಂಗವ್ವ ಬಡಿಸುತ್ತಿದ್ದಳು.

ಒಂದು ದಿನ ತಮಾಷೆಗೆಂದು ಸುನೀಲ ಸುನಂದಾ ಮಾಡಿದ ಪುಂಡಿಪಲ್ಯಕ್ಕೆ ಎರಡು ಚಿಕ್ಕೆ ಕೊಟ್ಟ. ಪ್ರಿಯಾ ಹಳೆಯ ನೋಟುಬುಕ್ಕಿನಲ್ಲಿ ಗೀಟು ಹೊಡೆದು ಬರೆದುಕೊಂಡಳು. ನೋಟುಬುಕ್ಕು ಅಡಿಗೆಮನೆಯ ಮೊಳೆಗೆ ಏರಿತು. ಸುನಂದಾ ನಾಲ್ಕು ದಿನ ಸಹಿಸಿದಳು. ಐದನೆಯ ದಿನ, ಅತ್ಯಾರ ಕೈರುಚಿ ಓಣಿಗೆಲ್ಲ ಗೊತ್ತು, ಅವರೇ ಮಾಡಲಿ ಎಂದು ಒಲೆಯ ಮುಂದಿನಿಂದ ಎದ್ದುಬಿಟ್ಟಳು. ಅಂದಿನಿಂದ ಚಿಕ್ಕೆಗಳು ಗುರುಲಿಂಗವ್ವನ ಪಾಲಿಗೆ ಬಂದವು.

ಮೊದಮೊದಲು ಮೂರು ಬೀಳುತ್ತಿದ್ದವು. ಶ್ರಾವಣದ ಒಂದು ಸಂಜೆ ಒಂದೇ ಬಿತ್ತು. ಪ್ರಿಯಾ ಅಪ್ಪ ಹೇಳಿದಂತೆ ಬರೆದು, ಕೇಳಿಸುವಂತೆ ಓದಿದಳು. ರೊಟ್ಟಿ ದಪ್ಪ, ಬಡಿಸುವವರ ಮುಖದಲ್ಲಿ ನಗು ಇಲ್ಲ.

ಗುರುಲಿಂಗವ್ವ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ಲಿಂಗಕ್ಕ ತೋರಿಸಿದ್ದಕ್ಕ ಹೆಸರಿಡಬಾರದೋ ತಮ್ಮಾ."

"ಯವ್ವಾ, ಈಗ ಜಗತ್ತು ನಡಿಯೂದ ಇದರ ಮ್ಯಾಲ. ಹೇಳಿದ್ರ ತಿದ್ಕೋಬೇಕು."

"ನಿಮ್ಮಪ್ಪ ಒಂದು ದಿನಾನೂ ಅನ್ನಲಿಲ್ಲ."

"ಅಪ್ಪ ಅನ್ನಲಿಲ್ಲ, ಅದಕ್ಕ ನೀ ಕಲೀಲಿಲ್ಲ."

ಸುನಂದಾ ನಕ್ಕಳು. ಪ್ರಿಯಾ ಆ ಮಾತನ್ನೂ ಬರೆಯಬೇಕೇ ಎಂದು ಕೇಳಿದಳು. ಸುನೀಲ ಕೈ ತೊಳೆದುಕೊಂಡು ಎದ್ದ. ಅಪ್ಪನಿದ್ದಾಗ ಅವನೂ ತಾಟು ತೊಳೆದು ಕುಡಿಯುತ್ತಿದ್ದ. ಈಗ ತಾಟಿನ ಅಂಚಿನ ಸುತ್ತ ಪಲ್ಯ, ಮುರಿದ ರೊಟ್ಟಿ ಹಾಗೇ ಉಳಿಯುತ್ತಿದ್ದವು. ಗುರುಲಿಂಗವ್ವ ಅವನ್ನು ಎತ್ತಿ ತನ್ನ ತಾಟಿಗೆ ಹಾಕಿಕೊಂಡು ಉಣ್ಣುತ್ತಿದ್ದಳು. ಬೆಳಿಗ್ಗೆ ಪೂಜೆಯಲ್ಲಿ ಅವಳು ಬೇಡಿಕೊಳ್ಳುತ್ತಿದ್ದದ್ದು ಒಂದೇ. ತನ್ನ ಕಣ್ಣು ಮುಚ್ಚುವ ತನಕ ಮಗನ ಪಂಕ್ತಿಯಲ್ಲಿ ಒಂದು ಜಾಗ, ಅವನ ಕೈಯಿಂದ ಒಂದು ಹಿಡಿ ಮಣ್ಣು.

ಹಾಗೆ ಬೇಡಿಕೊಳ್ಳಲು ಕಾರಣವಿತ್ತು. ಸುನೀಲನ ವಿಭಾಗಕ್ಕೆ ಮುಖ್ಯಸ್ಥನ ಹುದ್ದೆ ಖಾಲಿಯಿತ್ತು. ಅದು ಸಿಕ್ಕರೆ ರೆಸಾರ್ಟಿನ ಹಿಂಬದಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸು. ಸುನಂದಾ ಆಗಲೇ ಆ ಕೋಣೆಗಳಿಗೆ ಪಡದೆಯ ಬಣ್ಣ ಗೊತ್ತು ಮಾಡಿದ್ದಳು. ಒಂದು ಕೋಣೆ ತಮಗೆ, ಒಂದು ಪ್ರಿಯಾಳ ಓದಿಗೆ. ಮೂರನೆಯ ಕೋಣೆಯ ಮಾತು ಬಂದಾಗಲೆಲ್ಲ ಬೇವೂರಿನ ಹೆಸರು ಬರುತ್ತಿತ್ತು. ಅಲ್ಲಿ ಅಮಾತೆಪ್ಪನ ತಮ್ಮ ಶಂಕರಲಿಂಗನ ಒಕ್ಕಲುತನದ ಮನೆ ದೊಡ್ಡದು, ಎಮ್ಮೆ ಇವೆ, ವಯಸ್ಸಾದವರಿಗೆ ಹವೆ ಒಳ್ಳೆಯದು ಎಂದು ಸುನಂದಾ ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು.

ದಸರೆ ಮುಗಿದ ಮೇಲೆ ಮ್ಯಾನೇಜರ್ ಕೌಶಿಕ ಒಂದು ಸೋಮವಾರ ಗೊತ್ತು ಮಾಡಿ, ನೌಕರರೆಲ್ಲ ತಮ್ಮ ಮನೆಯವರನ್ನು ಊಟಕ್ಕೆ ಕರೆತರಬಹುದು ಎಂದ. ಅವ್ವನನ್ನು ಒಯ್ಯುವುದೋ ಬೇಡವೋ ಎಂದು ಗಂಡಹೆಂಡತಿ ಅವಳ ಎದುರಿಗೇ ಮಾತಾಡಿಕೊಂಡರು.

"ಬಿಟ್ಟು ಹೋದ್ರ ಓಣ್ಯಾಗ ನನ್ನ ಹೆಸರ ಕೆಡತೈತಿ. ಕರ್ಕೊಂಡ ಹೋಗೂಣ್ರಿ," ಎಂದಳು ಸುನಂದಾ.

ಆಮೇಲೆ ಎರಡು ದಿನ ಪಾಠ ನಡೆಯಿತು. ಹಣೆಯ ತುಂಬ ವಿಭೂತಿ ಬೇಡ, ಒಂದು ಗೆರೆ ಸಾಕು. ಇಳಕಲ್ಲ ಸೀರೆ ಉಡಬೇಕು, ಮಾಸಿದ್ದಲ್ಲ. ನೆಲದ ಮೇಲೆ ಕೂಡಬಾರದು. ದೊಡ್ಡ ದನಿ ಬೇಡ. ಕಂಡವರನ್ನು ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಬಾರದು. ತೇಗು ಬಂದರೆ ಸೆರಗು ಹಿಡಿಯಬೇಕು. ಗುರುಲಿಂಗವ್ವ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು. ಹಾಡುವ ವಚನಗಳನ್ನೆಲ್ಲ ಕೇಳಿಯೇ ಬಾಯಿಪಾಠ ಮಾಡಿದವಳು ಅವಳು. ಮೂರು ಸಲ ಕಿವಿಗೆ ಬಿದ್ದದ್ದು ಮರೆಯುತ್ತಿರಲಿಲ್ಲ. ಆದರೆ ತಾಟಿನ ಮಾತು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಊಟದ ದಾಲಾನು ಅರಮನೆಯ ಕೆಳಗಿತ್ತು. ಬಿಳಿ ಬಟ್ಟೆ ಹಾಸಿದ ಮೇಜುಗಳು, ಮೇಲೆ ಗಾಜಿನ ದೀಪಗಳ ಗೊಂಚಲು. ನೌಕರರ ಮನೆಯವರ ಜೊತೆಗೆ ಹಣ ಕೊಟ್ಟು ಬಂದ ಅತಿಥಿಗಳೂ ಕೆಲವರು ಉಣ್ಣುತ್ತಿದ್ದರು. ಯಾವುದರಲ್ಲಿ ತತ್ತಿ ಇದೆಯೋ ಎಂದು ಗುರುಲಿಂಗವ್ವ ಮೊಸರನ್ನ, ಬದನೆಕಾಯಿಯ ಒಂದು ಪಲ್ಯ ಮಾತ್ರ ಹಾಕಿಸಿಕೊಂಡಳು. ಸೆರಗಿನ ಮರೆಯಲ್ಲಿ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದಳು. ಇಂಥ ಅನ್ನವನ್ನು ಮಗನ ದುಡಿಮೆಯ ಜಾಗದಲ್ಲಿ ಉಣ್ಣುವುದನ್ನು ಗಂಡ ನೋಡಬೇಕಾಗಿತ್ತು ಎನಿಸಿತು. ಸದ್ದಿಲ್ಲದೆ ಉಂಡಳು. ತೇಗಲಿಲ್ಲ. ಕಡೆಯ ಅಗುಳಾದ ಮೇಲೆ ಗಾಜಿನ ಲೋಟದ ನೀರನ್ನು ಆ ಬಿಳಿಯ ಪಿಂಗಾಣಿ ತಾಟಿಗೆ ಹಾಕಿ, ಸುತ್ತಲೂ ಬೆರಳಿನಿಂದ ಸವರಿ, ಎರಡೂ ಕೈಯಲ್ಲಿ ಎತ್ತಿ ಕುಡಿದಳು.

ಪಕ್ಕದ ಮೇಜಿನ ಹೆಂಗಸು ಚಮಚ ಕೆಳಗಿಟ್ಟಳು. ಅವಳ ಮಗಳು ಫೋನು ಎತ್ತಿದಳು. ದೂರದಿಂದ ಕೌಶಿಕ ನೋಡಿ ಸುನೀಲನ ಕಿವಿಯಲ್ಲಿ ಏನೋ ಕೇಳಿದ.

ಸುನೀಲ ನಡೆದು ಬಂದ. ಕಪ್ಪು ಕೋಟಿನ ಗುಂಡಿ ಹಾಕಿಕೊಂಡು, ಅವ್ವನಿಂದ ಎರಡು ಮಾರು ದೂರದಲ್ಲೇ ನಿಂತ.

"ಅಮ್ಮಾ, ತಾವು ಯಾರ ಜೊತೆ ಬಂದಿದ್ದೀರಿ? ದಯವಿಟ್ಟು ಈ ಕಡೆ ಬನ್ನಿ."

ಮಗ ಅಷ್ಟು ಮೆತ್ತಗೆ, ಪುಸ್ತಕದ ಹಾಗೆ ಮಾತಾಡಿದ್ದನ್ನು ಗುರುಲಿಂಗವ್ವ ಕೇಳಿರಲಿಲ್ಲ. ಇದು ಇಲ್ಲಿಯ ಭಾಷೆ, ಎಲ್ಲರೊಡನೆಯೂ ಹೀಗೇ ಮಾತಾಡಬೇಕೇನೋ ಎಂದುಕೊಂಡು, ತಾನು ಕಲಿತದ್ದು ಮರೆಯದವಳಂತೆ ದನಿ ತಗ್ಗಿಸಿ "ಆತ್ರಿ" ಎಂದು ಎದ್ದಳು. ಸುನಂದಾ ತಾಟಿನಿಂದ ತಲೆ ಎತ್ತಲಿಲ್ಲ. ಅದೇ ಓಣಿಯ ತಬಸುಮ ಅಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿದ್ದಳು. ಸುನೀಲ ಸನ್ನೆ ಮಾಡಿದ. ಅವಳು ಬಂದು ಮುದುಕಿಯ ಕೈ ಹಿಡಿದು ಹಿಂದಿನ ಬಾಗಿಲಿನಿಂದ ಕರೆದೊಯ್ದಳು. ಸಂಜೆಯ ಬಸ್ಸಿನವರೆಗೆ ಗುರುಲಿಂಗವ್ವ ಬಿಸಿ ಚಾದರಗಳ ಗುಡ್ಡೆಗಳ ನಡುವೆ ಒಂದು ಸ್ಟೂಲಿನ ಮೇಲೆ ಕುಳಿತಿದ್ದಳು. ಅಲ್ಲಿಯ ಸಣ್ಣ ಕಿಟಕಿಯಿಂದ ಸೊಸೆ, ಮೊಮ್ಮಗಳು ವೆನಿಸಿನ ದೋಣಿಯಲ್ಲಿ ಕುಳಿತದ್ದು ಕಾಣುತ್ತಿತ್ತು.

"ಸುನೀಲ ಎಷ್ಟ ಮರ್ಯಾದಿ ಕೊಟ್ಟು ಮಾತಾಡ್ತಾನ ನೋಡವಾ, ತಾವು ಅಂದಾ ನನಗ," ಎಂದಳು.

ತಬಸುಮ ಚಾದರ ಮಡಚುತ್ತಿದ್ದಳು. "ಚಹಾ ತರ್ತೇನಿ ಕುಂದರ್ರಿ ಅವ್ವಾರ," ಎಂದು ಹೊರಗೆ ಹೋದಳು.

ಮೂರನೆಯ ದಿನ ಅಭಿಪ್ರಾಯ ಬಂತು. ಒಂದು ಚಿಕ್ಕೆ. ಜೊತೆಗೆ ಚಿತ್ರ. ಅರಮನೆಯ ಊಟಕ್ಕೆ ಹಣ ಕೊಟ್ಟು ಹೋದರೆ ಪಕ್ಕದಲ್ಲಿ ಒಬ್ಬ ಮುದುಕಿ ಎಂಜಲು ತಾಟು ತೊಳೆದು ಆ ನೀರು ಕುಡಿದಳು, ನಮಗೆ ವಾಕರಿಕೆ ಬಂತು, ಯಾರನ್ನು ಬೇಕಾದರೂ ಒಳಗೆ ಬಿಡುತ್ತಾರೆ ಎಂದು ಬರೆದಿದ್ದರು. ಅದರ ಕೆಳಗೆ ನೂರಾರು ಜನ ನಕ್ಕಿದ್ದರು.

ಸುನೀಲ ಅಂದು ಬೂಟು ಬಿಚ್ಚದೆ ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ಅಲ್ಲಿ ಯಾಕ ತಾಟು ತೊಳದು ಕುಡದಿ?"

"ಪ್ರಸಾದ ಹ್ಯಾಂಗ ಚೆಲ್ಲಿ ಬರೂದೋ ತಮ್ಮಾ?"

"ಅದು ಪ್ರಸಾದ ಅಲ್ಲಬೇ, ಬಫೆ."

ಸುನಂದಾ ಹಿಂದಿನಿಂದ ಬಂದಳು. "ಗಂಡನ್ನ ಕಳಸಿದ್ರಿ. ಈಗ ಮಗನ ಅನ್ನಕ್ಕ ಕೈ ಹಾಕೀರಿ," ಎಂದಳು.

ಸುನೀಲ ಬಗ್ಗಿ ಬೂಟು ಬಿಚ್ಚತೊಡಗಿದ. ಅವನು ಏನಾದರೂ ಅನ್ನುತ್ತಾನೆಂದು ಗುರುಲಿಂಗವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಲೆಯ ಕಡೆ ತಿರುಗಿ ಹೊತ್ತುತ್ತಿದ್ದ ರೊಟ್ಟಿಯನ್ನು ಹೊರಳಿಸಿದಳು. ಅದು ಕರಕಾಗಿತ್ತು. ಆ ರೊಟ್ಟಿಯನ್ನು ತನಗೆ ಇಟ್ಟುಕೊಂಡಳು.

ಮರುದಿನದಿಂದ ಒಲೆ ಮತ್ತೆ ಸುನಂದಾಳ ಕೈಗೆ ಹೋಯಿತು. ಮೂವರು ಪಡಸಾಲೆಯಲ್ಲಿ ಉಂಡೆದ್ದ ಮೇಲೆ ಗುರುಲಿಂಗವ್ವನಿಗೆ ಹಿತ್ತಲ ಬಾಗಿಲ ಬಳಿ ಒಂದು ಸ್ಟೀಲು ತಾಟಿನಲ್ಲಿ ಮುಚ್ಚಿಡುತ್ತಿದ್ದರು. ಅಮಾತೆಪ್ಪನ ಕಂಚಿನ ತಾಟು ಅಟ್ಟದ ಮೇಲೆ ಹೋಯಿತು. ಗುರುಲಿಂಗವ್ವ ತಣ್ಣಗಾದದ್ದನ್ನೇ ಲಿಂಗಕ್ಕೆ ತೋರಿಸಿ ಉಂಡು, ತಾಟು ತೊಳೆದು ಕುಡಿದು, ಕವುಚಿ ಹಾಕುತ್ತಿದ್ದಳು. ಮಗನ ನೌಕರಿ ತನ್ನಿಂದ ಹೋದೀತೆಂಬ ಭಯ ಅವಳಿಗೆ. ಅದಕ್ಕಾಗಿ ಸೋಮವಾರ ಒಪ್ಪತ್ತು ಹಿಡಿದಳು. ವಾರಕ್ಕೆ ಒಂದು ಹೊತ್ತು ಬಡಿಸುವುದು ಉಳಿಯಿತೆಂದು ಸುನಂದಾ ಗಂಡನಿಗೆ ಹೇಳಿದ್ದು ಅವಳಿಗೆ ಕೇಳಿಸಿತು.

ನೌಕರಿ ಹೋಗಲಿಲ್ಲ. ಕಾರ್ತಿಕದ ಕೊನೆಯಲ್ಲಿ ಸುನೀಲ ಪೇಢೆಯ ಡಬ್ಬಿ ಹಿಡಿದು ಬಂದ. ಮುಖ್ಯಸ್ಥನ ಹುದ್ದೆ ಅವನಿಗೇ ಸಿಕ್ಕಿತ್ತು. ಇಂಥ ಕಠಿಣ ಪ್ರಸಂಗವನ್ನು ಇಷ್ಟು ಜಾಣತನದಿಂದ ನಿಭಾಯಿಸಿದವರನ್ನು ನೋಡಿಲ್ಲ ಎಂದು ಕೌಶಿಕ ಎಲ್ಲರೆದುರು ಹೊಗಳಿದನಂತೆ. ಯಾವ ಪ್ರಸಂಗ ಎಂದು ಗುರುಲಿಂಗವ್ವ ಕೇಳಲಿಲ್ಲ. ತನ್ನ ಒಪ್ಪತ್ತು ಫಲಿಸಿತೆಂದುಕೊಂಡು ಪೇಢೆಯನ್ನು ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡಳು. ಅಂಗೈಗೆ ಅಂಟಿದ್ದನ್ನೂ ಬಿಡಲಿಲ್ಲ.

ಕ್ವಾರ್ಟರ್ಸಿನ ಅರ್ಜಿಯಲ್ಲಿ ಮನೆಮಂದಿಯ ಹೆಸರು ಬರೆಯುವಾಗ ಪ್ರಿಯಾ ಮೂರೇ ಹೆಸರು ಓದಿದಳು. ಅಜ್ಜಿಯನ್ನು ಆಯಿ ಎನ್ನುವ ಅವಳು, ಆಯಿಯ ಹೆಸರು ಎಲ್ಲಿ ಎಂದು ಕೇಳಿ ಬೈಸಿಕೊಂಡಳು. ಅಮಾತೆಪ್ಪನ ವರ್ಷದ ಪೂಜೆ ಆದ ಮರುದಿನ ಅವ್ವನನ್ನು ಬೇವೂರಿಗೆ ಕಳಿಸುವುದೆಂದು ಸುನೀಲ ಕಾಕಾ ಶಂಕರಲಿಂಗನಿಗೆ ಫೋನು ಮಾಡಿದ. ಅವ್ವನೇ ಹಳ್ಳಿಯ ಹವೆ ಬೇಕೆನ್ನುತ್ತಾಳೆ ಎಂದ. ಗುರುಲಿಂಗವ್ವ ಬಾಗಿಲ ಆಚೆ ಜೋಳ ಹಸನು ಮಾಡುತ್ತಿದ್ದಳು. ಅಷ್ಟಾದರೂ ಅವಳು ಒಂದು ಲೆಕ್ಕ ಇಟ್ಟುಕೊಂಡಿದ್ದಳು. ಮಗ ಹೆಂಡತಿಯ ಮಾತಿಗೆ ಬಿದ್ದಿದ್ದಾನೆ. ವರ್ಷದ ಪೂಜೆಯ ದಿನ ಅಪ್ಪನ ಸಮಾಧಿಯ ಗದ್ದುಗೆಯ ಮುಂದೆ ನಿಂತಾಗ ಮನಸ್ಸು ಕರಗೀತು.

ಪೂಜೆಗೆ ಒಂಬತ್ತು ದಿನವಿತ್ತು. ಅಂದು ಮಧ್ಯಾಹ್ನ ಪ್ರಿಯಾ ತನ್ನ ಅವ್ವನೊಡನೆ ಜಗಳವಾಡಿ, ಅಳುತ್ತ ಆಯಿಯ ಪಕ್ಕಕ್ಕೆ ಬಂದು ಕುಳಿತಳು. ಪರೀಕ್ಷೆ ಎಂದು ಅವಳ ಫೋನು ಕಸಿದುಕೊಂಡಿದ್ದ ಸುನಂದಾ, ಅಪ್ಪನ ಹಾಗೆ ಜಾಣೆಯಾಗು, ಅವರು ತಮ್ಮ ಬುದ್ಧಿಯಿಂದ ದೊಡ್ಡ ಹುದ್ದೆಗೆ ಏರಿದರು ಎಂದು ಬೈದು, ಫೋನನ್ನು ಅಲ್ಲೇ ಬಿಟ್ಟು ಸಂತೆಗೆ ಹೋಗಿದ್ದಳು.

"ಬುದ್ಧಿ ಅಂತ ಬುದ್ಧಿ. ನಿನ್ನ ಮ್ಯಾಲ ಬರದಿದ್ದಕ್ಕ ಸಿಕ್ಕೈತಿ ಅದು," ಎಂದಳು ಪ್ರಿಯಾ.

"ನನ್ನ ಮ್ಯಾಲ ಏನ ಬರದಾನವಾ?"

ಹುಡುಗಿ ತಡವರಿಸಿದಳು. ಆದರೆ ಸಿಟ್ಟು ಆರಿರಲಿಲ್ಲ. ಎದ್ದು ಫೋನು ತಂದು, ಅಪ್ಪ ಇಂಗ್ಲಿಷಿನಲ್ಲಿ ಬರೆದ ಉತ್ತರವನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ಓದಿದಳು.

"ಪ್ರಿಯ ಅತಿಥಿಗಳೇ, ನಿಮಗಾದ ಅಸಹ್ಯ ಅನುಭವಕ್ಕೆ ಕ್ಷಮೆ ಕೋರುತ್ತೇವೆ. ಆ ಮುದುಕಿ ನಮ್ಮ ಅತಿಥಿಯಲ್ಲ, ನಮ್ಮ ಸಿಬ್ಬಂದಿಯ ಯಾರಿಗೂ ಸಂಬಂಧಪಟ್ಟವರಲ್ಲ. ಕಾವಲುಗಾರರ ಕಣ್ಣು ತಪ್ಪಿಸಿ ಒಳಗೆ ಬಂದವರು. ಅವರು ಉಂಡ ತಾಟನ್ನು ಒಡೆದು ಹಾಕಲಾಗಿದೆ. ಸುನೀಲಕುಮಾರ, ಅತಿಥಿ ವಿಭಾಗ."

ಗುರುಲಿಂಗವ್ವ ಇನ್ನೊಮ್ಮೆ ಓದಿಸಿದಳು. ಮತ್ತೊಮ್ಮೆ ಓದಿಸಿದಳು. ತಾವು ಯಾರ ಜೊತೆ ಬಂದಿದ್ದೀರಿ ಎಂಬ ಆ ಮೆತ್ತಗಿನ ದನಿ ಅವಳ ಕಿವಿಗೆ ಮತ್ತೆ ಬಂತು.

"ತಾಟು ಖರೇನ ಒಡದ್ರೇನ?" ಎಂದು ಕೇಳಿದಳು.

"ನನಗ್ಗೊತ್ತಿಲ್ಲ ಆಯಿ. ಅಪ್ಪಗ ಹೇಳಬ್ಯಾಡ."

"ಇಲ್ಲವಾ. ನಾ ಯಾಕ ಹೇಳ್ಲಿ."

ಮುಂದಿನ ದಿನಗಳಲ್ಲಿ ಅವಳ ಕೆಲಸ ಎಂದಿನಂತೆ ನಡೆಯಿತು. ಸುನೀಲನಿಗೆ ಬಿಸಿನೀರು ಕಾಸಿ ಕೊಟ್ಟಳು, ಅವನ ಕಪ್ಪು ಕೋಟಿಗೆ ಕಿತ್ತುಹೋದ ಗುಂಡಿ ಹಚ್ಚಿಕೊಟ್ಟಳು. ಕಳಿಸುವ ದಿನ ಹತ್ತಿರ ಬಂದಂತೆ ಅವ್ವ ಹೊಂದಿಕೊಂಡಳೆಂದು ಅವನಿಗೆ ಹಗುರವಾಯಿತು. ಒಮ್ಮೆ ಅವಳಿಗೆ ಬಾಳೆಹಣ್ಣು ಸುಲಿದುಕೊಟ್ಟ. ಅವಳು ತೆಗೆದುಕೊಂಡಳು. ಬೆಳಿಗ್ಗೆ ಪೂಜೆಗೆ ಕುಳಿತಾಗ ಮಾತ್ರ ಬಹಳ ಹೊತ್ತು ಏಳುತ್ತಿರಲಿಲ್ಲ. ಬೇಡಿಕೊಳ್ಳುವುದನ್ನು ಬಿಟ್ಟಿದ್ದಳು. ಪೂಜೆಯ ಹಿಂದಿನ ದಿನ ಅಟ್ಟದ ಮೇಲಿನ ಕಂಚಿನ ತಾಟು ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಎರಡು ಸೀರೆ, ವಿಭೂತಿ ಗಟ್ಟಿ ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಇಟ್ಟಳು.

ವರ್ಷದ ದಿನ ಬೆಳಿಗ್ಗೆ ಎಲ್ಲರೂ ಹೋಗಿ ಗದ್ದುಗೆಗೆ ಹೂ ಏರಿಸಿ ಬಂದರು. ಮಠದ ಅಯ್ಯನವರು ಬಂದರು. ಹುನಗುಂದದ, ಇಳಕಲ್ಲ ಬೀಗರು ಬಂದರು. ಬೇವೂರಿನಿಂದ ಶಂಕರಲಿಂಗ ಬಂದ. ಗೋಧಿ ಹುಗ್ಗಿ, ಬದನೆಕಾಯಿ, ಕಟ್ಟಿನ ಸಾರು. ಅಂದು ಒಂದು ದಿನದ ಮಟ್ಟಿಗೆ ಒಲೆ ಗುರುಲಿಂಗವ್ವನದಾಗಿತ್ತು. ಮೇಜು ಸರಿಸಿ ಪಡಸಾಲೆಯಲ್ಲಿ ಹಾಕಿದ ಪಂಕ್ತಿಯ ತಲೆಗೆ ಅಯ್ಯನವರು, ಅವರ ಪಕ್ಕದಲ್ಲಿ ಅಮಾತೆಪ್ಪನ ಜಾಗ. ಅಲ್ಲಿ ಅವನ ಕಂಚಿನ ತಾಟು ಇಟ್ಟು, ಮಗ ಕೂಡಬೇಕು ಎಂದ ಶಂಕರಲಿಂಗ. ಸುನೀಲ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕುಳಿತ.

ಗುರುಲಿಂಗವ್ವ ಅವನಿಗೆ ಎರಡು ಸಲ ಹುಗ್ಗಿ ಬಡಿಸಿದಳು, ತುಪ್ಪ ಸುರಿದಳು. ಬೀಗರು ನೋಡುತ್ತಿದ್ದರು. ಅಣ್ಣ ಎಂದೂ ಅಗುಳು ಬಿಟ್ಟವನಲ್ಲ ಎಂದು ಶಂಕರಲಿಂಗ ನೆನೆದು ಕಣ್ಣೊರೆಸಿಕೊಂಡ. ಸುನೀಲ ತಾಟಿನಲ್ಲಿ ಒಂದು ಅಗುಳು ಉಳಿಸದಂತೆ ಉಂಡ. ಎಲ್ಲರ ಕಣ್ಣೆದುರು, ಅಪ್ಪ ಮಾಡುತ್ತಿದ್ದಂತೆ, ಎಡಗೈಯಿಂದ ತಂಬಿಗೆ ಎತ್ತಿ ತಾಟಿಗೆ ನೀರು ಹಾಕಲು ಬಾಗಿಸಿದ.

ಗುರುಲಿಂಗವ್ವ ಬಗ್ಗಿ ತಾಟನ್ನು ಎತ್ತಿಕೊಂಡಳು. ನೀರು ಹಲಗೆಯ ಮೇಲೆ ಬಿದ್ದು, ಮಗ್ಗದ ಕುಣಿಯೊಳಕ್ಕೆ ಸೋರಿತು.

ಅಯ್ಯನವರು ತಲೆ ಎತ್ತಿದರು. "ಯಾಕವಾ? ಮಗ ಪ್ರಸಾದ ಮುಗಸಲಿ."

"ಇವರು ನಮ್ಮ ಮನಿಗೆ ಸಂಬಂಧಪಟ್ಟವರಲ್ಲರಿ ಅಯ್ನೋರ," ಎಂದಳು ಗುರುಲಿಂಗವ್ವ. ಕಲಿಸಿಕೊಟ್ಟಂತೆ ದನಿ ತಗ್ಗಿಸಿಯೇ ಹೇಳಿದಳು. "ಕಣ್ಣು ತಪ್ಪಿಸಿ ಒಳಗ ಬಂದವರು."

ಪಂಕ್ತಿಯಲ್ಲಿ ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಪ್ರಿಯಾ ತಲೆ ತಗ್ಗಿಸಿ ನೆಲದ ಮೇಲೆ ಬೆರಳಾಡಿಸುತ್ತಿದ್ದಳು. ಸುನಂದಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ವೈನೀ, ಏನಿದು? ಏನಂತಾಳೋ ಸುನೀಲ, ನಿಮ್ಮವ್ವ?" ಎಂದ ಶಂಕರಲಿಂಗ.

ಸುನೀಲನಿಗೆ ಗೊತ್ತಿತ್ತು. ಹೇಳಬೇಕೆಂದರೆ ಕಿಸೆಯಲ್ಲಿದ್ದ ಫೋನು ತೆಗೆದು ತಾನು ಬರೆದದ್ದನ್ನು ಬೀಗರಿಗೆ, ಅಯ್ಯನವರಿಗೆ ಓದಿ ತೋರಿಸಬೇಕಿತ್ತು. ಅವನು ಅವ್ವನ ಮುಖ ನೋಡಿದ.

"ಯವ್ವಾ," ಎಂದ.

ಅವಳು ತಿರುಗಲಿಲ್ಲ. ತಾಟನ್ನು ಹಿತ್ತಲಿಗೆ ಒಯ್ದು, ಬೂದಿ ಹಾಕಿ ತಿಕ್ಕಿ, ಮೂರು ಸಲ ತೊಳೆದಳು. ತೊಳೆದ ನೀರು ಮೋರಿಗೆ ಹರಿಯಿತು. ಒಳಗೆ ಬಂದು ಪಂಕ್ತಿಯ ಎದುರು ಗೋಡೆಗೆ ಕುಳಿತು, ಅದೇ ತಾಟಿಗೆ ಅನ್ನ, ಸಾರು ಹಾಕಿಕೊಂಡು, ಲಿಂಗಕ್ಕೆ ತೋರಿಸಿ, ಅವಸರವಿಲ್ಲದೆ ಉಂಡಳು. ಕಡೆಗೆ ನೀರು ಹಾಕಿ, ಸುತ್ತಲೂ ಸವರಿ, ಎರಡೂ ಕೈಯಲ್ಲಿ ಎತ್ತಿ ಕುಡಿದಳು. ಸೆರಗಿನಿಂದ ತಾಟು ಒರೆಸಿ ಬಾಗಿಲ ಹಿಂದಿನ ಚೀಲದೊಳಗೆ ಇಟ್ಟಳು.

"ಬೇವೂರಿನ ಬಸ್ಸು ಎಷ್ಟಕ್ಕ ಐತೋ ಶಂಕರಾ?"

"ನಾಳೆ ಅಂದಿದ್ನಲ್ಲ ಸುನೀಲ."

"ಇವತ್ತ ಹೋಗೂಣು."

ಸುನೀಲ ಇನ್ನೂ ಅಪ್ಪನ ಜಾಗದಲ್ಲೇ ಕುಳಿತಿದ್ದ. ಮುಂದೆ ತಾಟಿರಲಿಲ್ಲ. ಏಳು, ಕೈ ತೊಳೆದುಕೋ ಎಂದು ಯಾರೂ ಅನ್ನಲಿಲ್ಲ. ಬೆರಳಿಗೆ ಹತ್ತಿದ ಹುಗ್ಗಿ ಒಣಗಿ ಬಿಗಿಯುತ್ತಿತ್ತು.